ಕಟ್ಟೆ ಎಷ್ಟಕ್ಕೆ ಬಂತು?

ಜೂನ್ ಬಂತೆಂದರೆ ಮಂಡ್ಯದಲ್ಲಿ ಯಾರೂ ಮೊದಲು ‘ಚೆನ್ನಾಗಿದ್ದೀಯಾ’ ಎಂದು ಕೇಳುವುದಿಲ್ಲ. ‘ಕಟ್ಟೆ ಎಷ್ಟಕ್ಕೆ ಬಂತು?’ ಎಂದೇ ಮಾತು ಶುರು. ಟೀ ಅಂಗಡಿ, ಕಟಿಂಗ್ ಶಾಪು, ಬಸ್ಸು, ಮದುವೆ ಮನೆಯ ಎರಡನೇ ಪಂಕ್ತಿ, ಎಲ್ಲ ಕಡೆ ಇದೇ. ಕಟ್ಟೆ ಎಂದರೆ ಕನ್ನಂಬಾಡಿ ಕಟ್ಟೆ. ಬೇರೆ ಊರಿನವರ ಬಾಯಲ್ಲಿ ಅದು ಕೆಆರ್‌ಎಸ್.

ನಮ್ಮಪ್ಪ ಬೆಳಿಗ್ಗೆ ಪೇಪರ್ ಕೈಗೆ ಬಂದ ತಕ್ಷಣ ಹುಡುಕುವುದು ಒಂದು ಸಣ್ಣ ಚೌಕವನ್ನು. ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ ಇಷ್ಟು. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಕಳೆದ ವರ್ಷ ಇದೇ ದಿನ ಎಷ್ಟಿತ್ತು ಅನ್ನುವುದೂ ಇದ್ದರೆ ಇನ್ನೂ ಖುಷಿ. ರಾಜಕೀಯ, ಕ್ರಿಕೆಟ್ಟು, ತೀರಿಕೊಂಡವರ ಫೋಟೋ ಎಲ್ಲ ಆಮೇಲೆ. ಮಳೆಗಾಲದಲ್ಲಿ ಮಾತ್ರ ಅಂತಲ್ಲ, ಜನವರಿಯಲ್ಲೂ ನೋಡುತ್ತಾರೆ. ಒಂದು ಸಲ ರೇಗಿಸಿದ್ದೆ. ‘ನೀನು ನೋಡಿದ್ರೆ ನೀರು ಬಂದ್ಬಿಡುತ್ತಾ ಅಪ್ಪ?’ ಅವರು ಪೇಪರಿನಿಂದ ತಲೆ ಎತ್ತದೆ, ‘ನೀನು ಅದ್ಯಾತಕ್ಕೆ ದಿನಾ ನೋಡ್ತೀಯ?’ ಎಂದು ನನ್ನ ಲ್ಯಾಪ್‌ಟಾಪಿನ ಕಡೆ ಗಲ್ಲ ತೋರಿಸಿದರು.

ಅಲ್ಲಿ, ಪರದೆಯ ಬಲ ಮೂಲೆಯಲ್ಲಿ, ನನ್ನದೂ ಒಂದು ಚೌಕವಿತ್ತು. ಸಿಪಿಯು, ಅಂದರೆ ಪ್ರೊಸೆಸರ್, ಇಷ್ಟು ಪರ್ಸೆಂಟ್. ಮೆಮೊರಿ ಇಷ್ಟು. ಬಿಸಿ ಇಷ್ಟು ಡಿಗ್ರಿ. ಇಂಟರ್ನೆಟ್‌ನಿಂದ ಒಳಗೆ ಬರುತ್ತಿರುವುದು ಇಷ್ಟು, ಹೊರಗೆ ಹೋಗುತ್ತಿರುವುದು ಇಷ್ಟು. ಅಂದರೆ ಒಳಹರಿವು, ಹೊರಹರಿವು. ಉತ್ತರ ಹೊಳೆಯದೆ ಸುಮ್ಮನಾದೆ.

ಆ ಚೌಕದ ಹೆಸರು ಕಾಂಕಿ. ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸಿನಲ್ಲಿ ಓಡುವ ಪುಟ್ಟ ಪ್ರೋಗ್ರಾಂ. ಅದಕ್ಕೆ ಗುಂಡಿಗಳಿಲ್ಲ, ಮೆನು ಇಲ್ಲ. ವಾಲ್‌ಪೇಪರಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದು ಹೋದ ಹಾಗೆ ಅಂಕಿಗಳು ಕಾಣುತ್ತವೆ, ಆಗಾಗ ಬದಲಾಗುತ್ತವೆ, ಅಷ್ಟೇ. ಏನು ತೋರಿಸಬೇಕು, ಎಲ್ಲಿ, ಯಾವ ಬಣ್ಣದಲ್ಲಿ ಎಂಬುದನ್ನೆಲ್ಲ ನಾವೇ ಒಂದು ಫೈಲಿನಲ್ಲಿ ಬರೆದುಕೊಡಬೇಕು. ಟೊರ್ಸ್ಮೊ ಎಂಬ ಇನ್ನೂ ಹಳೆಯ ಪ್ರೋಗ್ರಾಂ ಒಂದಿತ್ತು. 2005ರ ಹೊತ್ತಿಗೆ ಅದರಿಂದ ಕವಲೊಡೆದು ಬಂದದ್ದು ಇದು.

ಇಂಥವು ಬೇರೆಯೂ ಬೇಕಾದಷ್ಟಿವೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಎಲ್ಲರಿಗೂ ಗೊತ್ತು. ಡೇವ್ ಪ್ಲಮ್ಮರ್ ಎಂಬ ಮೈಕ್ರೋಸಾಫ್ಟ್ ಎಂಜಿನಿಯರ್ ಅದನ್ನು ಮನೆಯಲ್ಲಿ ತನ್ನ ಪಾಡಿಗೆ ಬರೆಯಲು ಶುರುಮಾಡಿದ್ದಂತೆ. 1996ರ ವಿಂಡೋಸ್ ಎನ್‌ಟಿ 4.0 ಜೊತೆ ಅದು ಹೊರಬಂತು. ಲಿನಕ್ಸಿಗೆ ಹಿರಿಯಣ್ಣನಂಥ ಯುನಿಕ್ಸ್ ಕಡೆಯ ‘ಟಾಪ್’ 1984ರದ್ದು. ಆದರೆ ಇವನ್ನು ನಾವು ತೆರೆಯುವುದು ಏನಾದರೂ ಕೆಟ್ಟಾಗ. ಜ್ವರ ಬಂದ ಮೇಲೆ ಥರ್ಮಾಮೀಟರ್ ಹುಡುಕಿದ ಹಾಗೆ. ಕಾಂಕಿಯನ್ನು ಯಾರೂ ತೆರೆಯುವುದಿಲ್ಲ. ಅದು ಅಲ್ಲೇ ಇರುತ್ತದೆ, ಗೋಡೆ ಕ್ಯಾಲೆಂಡರಿನ ಹಾಗೆ. ನಾನು ಈ ಬರಹ ಬರೆಯುವಷ್ಟು ಅದನ್ನು ಹಚ್ಚಿಕೊಂಡದ್ದು ಈ ಒಂದು ಕಾರಣಕ್ಕೆ.

ನನ್ನ ಕೆಲಸ ಪುಸ್ತಕಗಳ ಪುಟ ಕಟ್ಟುವುದು. 2020ರಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದೆ. ಬಂದಾಗ ಹಳೆಯ ಲ್ಯಾಪ್‌ಟಾಪು ಬೆನ್ನ ಮೇಲಿತ್ತು. 4 ಜಿಬಿ ಮೆಮೊರಿ, ತಿರುಗುವ ಹಾರ್ಡ್ ಡಿಸ್ಕು. ಆನ್ ಮಾಡಿ, ಹೋಗಿ ಹಲ್ಲುಜ್ಜಿಕೊಂಡು ಬಂದರೂ ಇನ್ನೂ ಏಳುತ್ತಿರಲಿಲ್ಲ. ಪರಿಚಯದ ಹುಡುಗನೊಬ್ಬ ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಹೋಗುವಾಗ, ‘ಅಣ್ಣ, ಇದೊಂದು ಇರ್ಲಿ’ ಎಂದು ಮೂಲೆಯಲ್ಲಿ ಕಾಂಕಿ ಕೂರಿಸಿದ. ಆ ಹುಡುಗನಿಗೆ ತಾನು ಏನು ಮಾಡಿದೆ ಅಂತ ಗೊತ್ತಿಲ್ಲ.

ಮೊದಲ ಎರಡು ತಿಂಗಳು ಪುಟ ಕಟ್ಟಿದ್ದಕ್ಕಿಂತ ಕಾಂಕಿ ಕಟ್ಟಿದ್ದೇ ಜಾಸ್ತಿ. ಸಿಪಿಯುಗೊಂದು ಉಂಗುರ, ಮೆಮೊರಿಗೊಂದು ಉಂಗುರ. ಬೇರೆ ಬೇರೆ ಬಣ್ಣ. ಹವಾಮಾನ ತಂದು ತೋರಿಸುವ ಸ್ಕ್ರಿಪ್ಟು. ಬ್ಯಾಟರಿಗೆ ಪಟ್ಟಿ. ಎಲ್ಲವೂ ಸೆಕೆಂಡಿಗೊಮ್ಮೆ ಬದಲಾಗಬೇಕು! ಒಂದು ದಿನ ನೋಡುತ್ತೇನೆ, ನಾನು ಏನೂ ಮಾಡದೆ ಕೂತಿದ್ದರೂ ಸಿಪಿಯು ಹನ್ನೆರಡು ಪರ್ಸೆಂಟಿನಲ್ಲಿದೆ. ಯಾರಪ್ಪಾ ಇದು ತಿನ್ನುತ್ತಿರೋದು ಅಂತ ಹುಡುಕಿದರೆ, ಕಾಂಕಿಯೇ. ಸುಮ್ಮನೆ ಬಿಟ್ಟರೆ ಹಗುರವಾಗಿರುವ ಪ್ರೋಗ್ರಾಂ ಅದು. ಸೆಕೆಂಡಿಗೊಮ್ಮೆ ನಾಲ್ಕು ಸ್ಕ್ರಿಪ್ಟು ಓಡಿಸು ಎಂದು ತಲೆ ಮೇಲೆ ಹೊರೆ ಹೊರಿಸಿದ್ದು ನಾನು. ಭತ್ತ ಕಾಯಲು ಇಟ್ಟ ಆಳು ಭತ್ತವನ್ನೇ ತಿಂದ ಕತೆ.

ಒಂದೊಂದಾಗಿ ಕಿತ್ತು ಹಾಕಿದೆ. ಉಂಗುರ ಹೋಯಿತು, ಹವಾಮಾನ ಹೋಯಿತು. ಮಂಡ್ಯದ ಹವಾಮಾನ ತಿಳಿಯಲು ಕಿಟಕಿ ಸಾಕು. ಕನ್ನಡದಲ್ಲಿ ಬರೆದು ತೋರಿಸುವ ಆಸೆಯೂ ಹೋಯಿತು. ಅದು ಬೇರೆಯೇ ದುಃಖ. ಕಾಂಕಿ ಅಕ್ಷರ ಬರೆಯುವ ಹಳೆಯ ವಿಧಾನಕ್ಕೆ ಒಂದರ ಪಕ್ಕ ಒಂದು ಅಕ್ಷರ ಇಡುವುದಷ್ಟೇ ಗೊತ್ತು. ಒತ್ತಕ್ಷರ ಕೆಳಗೆ ಹೋಗಬೇಕು, ಎತ್ವ ತಲೆಯ ಮೇಲೆ ಕೂರಬೇಕು ಎಂಬ ನಮ್ಮ ಲಿಪಿಯ ಸಂಸಾರ ಅದಕ್ಕೆ ತಿಳಿಯದು. ‘ಕಟ್ಟೆ’ ಎಂದು ಬರೆದರೆ ಕ, ಟ, ಒಂದು ಕೊಕ್ಕೆ, ಇನ್ನೊಂದು ಟ, ಆಮೇಲೆ ಗಾಳಿಯಲ್ಲಿ ತೇಲುವ ಎತ್ವ. ದಿನವಿಡೀ ಕನ್ನಡ ಅಕ್ಷರ ಜೋಡಿಸುವವನ ಪರದೆಯ ಮೇಲೆ ಇದನ್ನು ನೋಡಲಾಗಲಿಲ್ಲ. ಇಂಗ್ಲಿಷ್ ಅಕ್ಷರವೇ ಇರಲಿ ಎಂದು ಬಿಟ್ಟೆ. ಕೊನೆಗೆ ಉಳಿದದ್ದು ಎಂಟು ಸಾಲು.

ಈ ಎಂಟು ಸಾಲಿನಲ್ಲಿ ಮೊದಲು ನನ್ನನ್ನು ಹೆದರಿಸಿದ್ದು ಮೆಮೊರಿ.

ಲ್ಯಾಪ್‌ಟಾಪು ಆನ್ ಆದಾಗ ಖಾಲಿ ಮೆಮೊರಿ ಬೇಕಾದಷ್ಟು ಕಾಣಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ 4 ಜಿಬಿಯಲ್ಲಿ ಖಾಲಿ ಇರುವುದು ನೂರೈವತ್ತು ಎಂಬಿ. ನಾನು ತೆರೆದಿದ್ದದ್ದು ಒಂದು ಪುಸ್ತಕ, ಒಂದು ಬ್ರೌಸರ್. ಎದೆ ಧಸಕ್ಕೆಂದಿತು. ಎಲ್ಲೋ ಸೋರುತ್ತಿದೆ ಎಂದುಕೊಂಡು ಒಂದೊಂದೇ ಪ್ರೋಗ್ರಾಂ ಮುಚ್ಚಿ ನೋಡಿದೆ. ಅಪ್ಪ ಹಿಂದೆ ನಿಂತು ನೋಡುತ್ತಿದ್ದರು.

‘ಏನ್ಲಾ ಅದು?’

‘ಮೆಮೊರಿ ತುಂಬೋಗಿದೆ ಅಪ್ಪ.’

‘ತುಂಬಿದ್ರೆ ಒಳ್ಳೇದಲ್ವಾ?’

ನಗು ಬಂತು. ಕಟ್ಟೆ ತುಂಬಿದರೆ ಬಾಗಿನ ಬಿಡುವ ಊರಿನವರು, ಅವರಿಗೆ ತುಂಬುವುದೆಂದರೆ ಒಳ್ಳೆಯದೇ. ರಾತ್ರಿ ಓದಿ ನೋಡಿದರೆ ಅಪ್ಪ ಹೇಳಿದ್ದೇ ಸರಿ! ಲಿನಕ್ಸಿಗೆ ಖಾಲಿ ಬಿದ್ದ ಮೆಮೊರಿ ಎಂದರೆ ದಂಡ. ಡಿಸ್ಕಿನಿಂದ ಒಮ್ಮೆ ಓದಿದ್ದನ್ನು ಅದು ಖಾಲಿ ಮೆಮೊರಿಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮತ್ತೆ ಬೇಕಾದಾಗ ಡಿಸ್ಕಿನ ತನಕ ಹೋಗಬೇಕಿಲ್ಲ, ಇಲ್ಲೇ ಸಿಗುತ್ತದೆ. ಹೊಸ ಪ್ರೋಗ್ರಾಂ ಬಂದು ಜಾಗ ಕೇಳಿದರೆ ಹಿಡಿದಿಟ್ಟಿದ್ದನ್ನು ಬಿಟ್ಟುಕೊಡುತ್ತದೆ. ಹಾಗಾಗಿ ‘ಖಾಲಿ ಎಷ್ಟು’ ಅನ್ನುವ ಅಂಕಿಗೆ ಅರ್ಥವೇ ಕಡಿಮೆ. ‘ಬೇಕೆಂದರೆ ಸಿಗುವುದು ಎಷ್ಟು’ ಅನ್ನುವುದು ಮುಖ್ಯ. ಇಷ್ಟೊಂದು ಜನ ನನ್ನ ಹಾಗೆಯೇ ಹೆದರಿದ್ದರಿಂದಲೋ ಏನೋ, 2014ರಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್ಲಿನ 3.14ನೇ ಆವೃತ್ತಿ ಈ ಎರಡನೇ ಅಂಕಿಯನ್ನೇ ಬೇರೆ ಲೆಕ್ಕ ಹಾಕಿ ಕೊಡಲು ಶುರುಮಾಡಿತು. ನಾನು ಕಾಂಕಿಯಲ್ಲಿ ಆ ಸಾಲು ಬದಲಾಯಿಸಿದೆ. ಒಂದೂವರೆ ಜಿಬಿ ಸಿಗುತ್ತದೆ ಎಂದು ತೋರಿಸಿತು. ಅದೇ ಲ್ಯಾಪ್‌ಟಾಪು, ಅದೇ ಮಧ್ಯಾಹ್ನ.

ಅಪ್ಪನಿಗೆ ಇದನ್ನು ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ಅಂಕಿ ಒಂದು ಹೇಳುತ್ತದೆ, ನೀರು ಇನ್ನೊಂದು ಹೇಳುತ್ತದೆ ಅನ್ನುವುದು ನಾಲೆ ಬಯಲಿನ ರೈತರಿಗೆ ಹೊಸದಲ್ಲ. ‘ನೂರಡಿ ಐತೆ ಅಂತ ಪೇಪರ್ನಾಗೆ ಹಾಕ್ತಾರೆ. ನೂರಡಿ ಅಂದ್ರೆ ಎಷ್ಟ್ ನೀರು ಹೇಳು ನೋಡಾನ?’ ಎಂದರು. ನಾನು ಲೆಕ್ಕ ಹಾಕಿದೆ. ನೂರಾ ಇಪ್ಪತ್ತೈದಕ್ಕೆ ನೂರು, ಅಂದರೆ ನೂರಕ್ಕೆ ಎಂಬತ್ತು ಭಾಗ. ಅವರು ನಕ್ಕರು. ಕಟ್ಟೆ ತುಂಬಿದಾಗ ಹಿಡಿಯುವುದು 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು). ನೂರಡಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಹಿನ್ನೀರಿನ ತಳ ಬಾಣಲೆಯ ಹಾಗೆ. ಕೆಳಗೆ ಕಿರಿದು, ಮೇಲೆ ಹೋದಷ್ಟೂ ಅಗಲ. ಮೇಲಿನ ಒಂದೊಂದು ಅಡಿಯಲ್ಲಿ ತಳದ ಎಷ್ಟೋ ಅಡಿಯ ನೀರಿರುತ್ತದೆ. ಅದಕ್ಕೇ ಕಟ್ಟೆ ನೂರಾ ಇಪ್ಪತ್ತರ ಹತ್ತಿರ ಬಂದಾಗ ಆಮೆಯ ಹಾಗೆ ಏರುತ್ತದೆ. ಆಗ ಜನ ಅಡಿ ಬಿಟ್ಟು ಒಳಹರಿವು ಕೇಳಲು ಶುರುಮಾಡುತ್ತಾರೆ. ಹನ್ನೊಂದೂವರೆ ಸಾವಿರ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಹೆಚ್ಚುಕಮ್ಮಿ ಒಂದು ಟಿಎಂಸಿ. ಈ ಲೆಕ್ಕ ನಮ್ಮ ಟೀ ಅಂಗಡಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲದೆ ನಡೆಯುತ್ತದೆ.

ಸಿಪಿಯು ಪರ್ಸೆಂಟು ಕೂಡ ಇದೇ ಜಾತಿಯದು ಎಂದು ತಿಳಿಯಲು ನನಗೆ ಒಂದು ಬೇಸಿಗೆ ಹಿಡಿಯಿತು.

ಆ ಪರ್ಸೆಂಟು ಹುಟ್ಟುವುದು ಹೇಗೆ ಅಂತ ಮೊದಲು ಹೇಳುತ್ತೇನೆ. ಕರೆಂಟ್ ಮೀಟರ್ ಓದುವವರು ಬಂದು ಮೀಟರ್ ನೋಡುತ್ತಾರಲ್ಲ, ಅವರಿಗೆ ಈಗ ಮನೆಯಲ್ಲಿ ಎಷ್ಟು ಬಲ್ಬು ಉರಿಯುತ್ತಿದೆ ಎಂಬುದು ಬೇಕಿಲ್ಲ. ಈ ತಿಂಗಳ ರೀಡಿಂಗಿನಿಂದ ಹೋದ ತಿಂಗಳದ್ದನ್ನು ಕಳೆದರೆ ಬಿಲ್ಲು ಬಂತು. ಕಾಂಕಿಯದೂ ಅದೇ ಕಸುಬು. ಲಿನಕ್ಸಿನಲ್ಲಿ ‘ಪ್ರಾಕ್’ ಅಂತ ಒಂದು ಫೋಲ್ಡರ್ ಇದೆ. ಅದರೊಳಗಿನ ಫೈಲುಗಳು ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ಯಾರಾದರೂ ತೆರೆದ ಕ್ಷಣದಲ್ಲಿ ಕರ್ನೆಲ್ ಅವನ್ನು ಬರೆದುಕೊಡುತ್ತದೆ. ಅಲ್ಲಿ ‘ಸ್ಟಾಟ್’ ಎಂಬ ಫೈಲು. ಕಂಪ್ಯೂಟರ್ ಆನ್ ಆದಾಗಿನಿಂದ ಪ್ರೊಸೆಸರ್ ಎಷ್ಟು ಹೊತ್ತು ಕೆಲಸ ಮಾಡಿತು, ಎಷ್ಟು ಹೊತ್ತು ಸುಮ್ಮನಿತ್ತು ಎಂಬುದು ಸಾಮಾನ್ಯವಾಗಿ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅಲ್ಲಿ ಏರುತ್ತಾ ಹೋಗುತ್ತದೆ. ಕಾಂಕಿ ಒಮ್ಮೆ ಓದುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಓದುತ್ತದೆ, ಕಳೆಯುತ್ತದೆ. ಮೀಟರ್ ರೀಡರ್‌ಗಿಂತ ಹೆಚ್ಚಿನ ವಿದ್ಯೆ ಏನೂ ಇಲ್ಲ ಅದರಲ್ಲಿ.

ಗಮನಿಸಬೇಕಾದ್ದು ಒಂದಿದೆ. ಅದು ಎಣಿಸುವುದು ಸಮಯವನ್ನು. ಎಷ್ಟು ಕೆಲಸ ಆಯಿತು ಎಂಬುದು ಆ ಪರ್ಸೆಂಟಿನೊಳಗೆ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಗದ್ದೆಯಲ್ಲೇ ಇದ್ದ ಆಳು ಎಷ್ಟು ನಾಟಿ ಹಾಕಿದ ಅಂತ ಹಾಜರಿ ಪುಸ್ತಕ ಹೇಳುವುದಿಲ್ಲ, ಅಲ್ವಾ?

ನಮ್ಮ ಮನೆಯಿಂದ ಕೂಗಳತೆಯಲ್ಲಿ ಒಂದು ಆಲೆಮನೆ ಇದೆ. ಗಾಳಿ ನಮ್ಮ ಕಡೆ ತಿರುಗಿದರೆ ಮನೆಯೆಲ್ಲ ಬೆಲ್ಲದ ಘಮ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯಲು ಕೆಳಗೆ ಒಣಗಿದ ರಚ್ಚು, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ, ಉರಿಯುತ್ತದೆ. ಆ ರಚ್ಚಿನ ಕಪ್ಪು ಬೂದಿ ಹಗುರ, ಗಾಳಿಯಲ್ಲಿ ತೇಲಿ ಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಅಮ್ಮ ಬೈಯುತ್ತಾಳೆ, ಆಲೆಮನೆಯವರು ಎರಡು ಅಚ್ಚು ಬೆಲ್ಲ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು.

ಆ ವರ್ಷ ಚಳಿಗಾಲದಲ್ಲಿ ನನ್ನ ಲ್ಯಾಪ್‌ಟಾಪು ಸುಮ್ಮನಿದ್ದಾಗ 45 ಡಿಗ್ರಿ ತೋರಿಸುತ್ತಿತ್ತು. ನಾನೇನು ಅದನ್ನು ಬರೆದಿಟ್ಟಿರಲಿಲ್ಲ. ದಿನಾ ಕಣ್ಣಿಗೆ ಬಿದ್ದು ಬಿದ್ದು ತಲೆಯಲ್ಲಿ ಕೂತಿತ್ತು. ಮಾರ್ಚ್ ಹೊತ್ತಿಗೆ 52. ಬಿಸಿಲು, ಇರಲಿ. ಏಪ್ರಿಲ್ ಮೊದಲ ವಾರ 60. ಸೆಕೆ ಜಾಸ್ತಿ ಅಂದುಕೊಂಡೆ. ಒಂದು ಬೆಳಿಗ್ಗೆ ಆರು ಗಂಟೆಗೆ, ಇನ್ನೂ ತಂಪು ಗಾಳಿ ಇರುವಾಗಲೇ 63. ಆಗ ಏನೋ ಚುಚ್ಚಿತು. ಆ ದಿನ ಒಂದು ದಪ್ಪ ಪುಸ್ತಕವನ್ನು ಪಿಡಿಎಫ್ ಮಾಡಲು ಹಾಕಿದೆ. ಸಿಪಿಯು 100 ಪರ್ಸೆಂಟ್, ಅದು ಮಾಮೂಲು. ಬಿಸಿ 95. ಫ್ಯಾನು ಮಿಕ್ಸಿ ಹಾಗೆ ಕಿರುಚುತ್ತಿದೆ. ಐದು ನಿಮಿಷದ ಕೆಲಸ ಹದಿನೈದು ನಿಮಿಷವಾದರೂ ಮುಗಿದಿಲ್ಲ. ಕಾಂಕಿಯ ಮೇಲಿನ ಸಾಲು ನೋಡಿದೆ. ಪ್ರೊಸೆಸರಿನ ವೇಗ. 2.4 ಗಿಗಾಹರ್ಟ್ಸ್ ಇರಬೇಕಾದದ್ದು 800 ಮೆಗಾಹರ್ಟ್ಸ್‌ಗೆ ಇಳಿದು ಕೂತಿದೆ.

ತುಂಬಾ ಕಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಪರ್ಸೆಂಟಿಗೆ ಅದು ಗೊತ್ತಿಲ್ಲ. ಸಮಯವೆಲ್ಲ ಕೆಲಸದಲ್ಲೇ ಕಳೆಯಿತು, ಹಾಗಾಗಿ ನೂರಕ್ಕೆ ನೂರು. ಆಗುತ್ತಿದ್ದ ಕೆಲಸ ಮೂರನೇ ಒಂದು ಭಾಗ. ಕನ್ನಂಬಾಡಿಯ ನೂರಡಿ ಎಂದರೆ ಇದೇ.

ಸಂಜೆ ಸ್ಕ್ರೂ ಬಿಚ್ಚಿದೆ. ಫ್ಯಾನಿನ ಮುಂದಿನ ಸಣ್ಣ ಜಾಲರಿಯ ಮೇಲೆ ಬೂದು ಬಣ್ಣದ ಒಂದು ಕಂಬಳಿ ಹಾಸಿತ್ತು. ಧೂಳು, ಅದರೊಳಗೆ ಕಪ್ಪು ಬೂದಿ. ಮೂಗಿನ ಹತ್ತಿರ ತಂದರೆ, ಆಣೆಗೂ, ಆಲೆಮನೆಯ ವಾಸನೆ. ಪೇಂಟಿಂಗ್ ಬ್ರಷ್ಷಿನಲ್ಲಿ ತೆಗೆದೆ, ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಮತ್ತೆ ಆನ್ ಮಾಡಿದಾಗ 47. ಬೇಸಿಗೆಗೆ ಎರಡು ಡಿಗ್ರಿ ಮಾಫಿ.

ಈ ಕತೆ ಆಲೆಮನೆಯಲ್ಲಿ ಹೇಳಿದೆ. ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡುವ ಹಿರಿಯರಿಗೆ ಅಷ್ಟೇನೂ ದೊಡ್ಡದೆನಿಸಲಿಲ್ಲ. ಅವರ ಬಳಿ ಥರ್ಮಾಮೀಟರ್ ಇಲ್ಲ. ಗುಳ್ಳೆಯ ಗಾತ್ರ ನೋಡುತ್ತಾರೆ, ಕುದಿಯುವ ಸದ್ದು ಕೇಳುತ್ತಾರೆ, ಕೊನೆಗೆ ಒಂದು ಹನಿ ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡುತ್ತಾರೆ. ಒಂದು ನಿಮಿಷ ಹೆಚ್ಚಾದರೆ ಬೆಲ್ಲ ಕಪ್ಪು. ಅವರಿಗೆ ಮಾತಿನ ಮಧ್ಯೆಯೂ ಕಿವಿ ಕೊಪ್ಪರಿಗೆ ಮೇಲೇ ಇತ್ತು. ನಾನು ಹೇಳುತ್ತಿದ್ದ ‘ಕಣ್ಣಂಚಿನಲ್ಲಿ ನೋಡುವುದು’ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಎಂಟು ಸಾಲಿನಲ್ಲಿ ನನಗೆ ತಡವಾಗಿ ಅರ್ಥವಾದದ್ದು ಲೋಡ್ ಆವರೇಜ್. ಮೂರು ಅಂಕಿ ಪಕ್ಕಪಕ್ಕ ಇರುತ್ತವೆ. ಕಳೆದ ಒಂದು, ಐದು, ಹದಿನೈದು ನಿಮಿಷದಲ್ಲಿ ಸರಾಸರಿ ಎಷ್ಟು ಕೆಲಸಗಳು ಸಾಲಿನಲ್ಲಿದ್ದವು ಎಂಬ ಲೆಕ್ಕ. ಪ್ರೊಸೆಸರಿಗೆ ನಾಲ್ಕು ಕೋರ್, ಅಂದರೆ ಕೆಲಸ ಮಾಡುವ ನಾಲ್ಕು ಕೈ, ಇದ್ದರೆ ನಾಲ್ಕರ ತನಕ ಚಿಂತೆಯಿಲ್ಲ ಅನ್ನುತ್ತಾರೆ. ಮೊದಲ ಅಂಕಿ ಮೂರನೆಯದಕ್ಕಿಂತ ದೊಡ್ಡದಿದ್ದರೆ ಗುಂಪು ಸೇರುತ್ತಿದೆ, ಚಿಕ್ಕದಿದ್ದರೆ ಕರಗುತ್ತಿದೆ. ಅಪ್ಪನ ‘ಕಳೆದ ವರ್ಷ ಇದೇ ದಿನ’ ಇದ್ದ ಹಾಗೆ, ಒಂದೇ ಅಂಕಿ ಮೂಗ, ಎರಡು ಸೇರಿದರೆ ಮಾತಾಡುತ್ತವೆ.

2023ರ ಸೆಪ್ಟೆಂಬರ್. ಮಳೆ ಕೈಕೊಟ್ಟಿತ್ತು. ಕಟ್ಟೆ ತುಂಬಿರಲಿಲ್ಲ, ಕಾವೇರಿ ನೀರಿಗಾಗಿ ಮಂಡ್ಯದ ಬೀದಿಯಲ್ಲಿ ಜನ ಕೂತಿದ್ದರು. ಆ ದಿನಗಳಲ್ಲೇ ನನ್ನ ಲ್ಯಾಪ್‌ಟಾಪಿಗೂ ಏನೋ ಬಡಿಯಿತು. ಫೈಲ್ ತೆರೆದರೆ ಅರ್ಧ ನಿಮಿಷ ಕಲ್ಲು. ಆಮೇಲೆ ಸರಿ. ಮತ್ತೆ ಕಲ್ಲು. ಮೂಲೆ ನೋಡಿದರೆ ಸಿಪಿಯು ಬರೀ 4 ಪರ್ಸೆಂಟ್. ಮೆಮೊರಿ ಇದೆ, ಬಿಸಿ ಇಲ್ಲ. ಲೋಡ್ ಮಾತ್ರ 6! ಕೆಲಸವೇ ಮಾಡದ ಪ್ರೊಸೆಸರ್ ಮುಂದೆ ಆರು ಜನ ಸಾಲು ನಿಂತಿದ್ದಾರೆ ಎಂದರೆ ಏನರ್ಥ?

ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆ ಮುಂದೆ ನಿಂತವರಿಗೆ ಈ ಚಿತ್ರ ಹೊಸದಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರು, ಎತ್ತಿನ ಗಾಡಿ, ಲಾರಿ ರಸ್ತೆಯುದ್ದಕ್ಕೂ ನಿಂತಿರುತ್ತವೆ. ಒಳಗೆ ಅರೆಯುವ ಯಂತ್ರ ಸುಮ್ಮನೆ ಖಾಲಿ. ತೂಕದ ಸೇತುವೆ ಕೆಟ್ಟಿರುತ್ತದೆ. ಯಂತ್ರದ ತಪ್ಪಿಲ್ಲ, ಕಬ್ಬಿನ ತಪ್ಪಿಲ್ಲ, ನಡುವೆ ಒಂದು ಕಡೆ ಗಂಟು ಬಿದ್ದಿದೆ. ಹಳೆಯ ಹಲವು ಯುನಿಕ್ಸುಗಳು ಲೋಡ್ ಲೆಕ್ಕಕ್ಕೆ ಯಂತ್ರದ ಬಾಯಿಯ ಹತ್ತಿರ ಇರುವ ಗಾಡಿಗಳನ್ನು ಮಾತ್ರ ಎಣಿಸುತ್ತಿದ್ದವು. ಲಿನಕ್ಸ್ 1993ರಿಂದ ತೂಕದ ಸೇತುವೆ ಮುಂದೆ ಸಿಕ್ಕಿಬಿದ್ದವನ್ನೂ ಎಣಿಸುತ್ತದೆ, ಅಂದರೆ ಡಿಸ್ಕಿನಂಥವುಗಳಿಗಾಗಿ ಅಲ್ಲಾಡದೆ ಕಾಯುತ್ತಿರುವ ಕೆಲಸಗಳನ್ನು. ಸರಿಯೋ ತಪ್ಪೋ ಅಂತ ತಿಳಿದವರು ಈಗಲೂ ವಾದ ಮಾಡುತ್ತಾರೆ. ರಸ್ತೆಯಲ್ಲಿ ರಾತ್ರಿಯಿಡೀ ನಿಂತ ಗಾಡಿಯವನನ್ನು ಕೇಳಿದರೆ, ನನ್ನನ್ನೂ ಎಣಿಸಿ ಅಂತಾನೆ. ನನ್ನ ಓಟು ಅವನಿಗೆ.

‘ಎಚ್‌ಟಾಪ್’ ಎಂಬ, ಓಡುತ್ತಿರುವ ಕೆಲಸಗಳ ಪಟ್ಟಿ ತೋರಿಸುವ ಪ್ರೋಗ್ರಾಂ ತೆರೆದು ನೋಡಿದರೆ ಆರೂ ಕೆಲಸಗಳ ಮುಂದೆ ಡಿ ಎಂಬ ಅಕ್ಷರ. ಡಿಸ್ಕಿಗೆ ಕಾಯುತ್ತಿವೆ. ಡಿಸ್ಕಿನ ಆರೋಗ್ಯ ತೋರಿಸುವ ಇನ್ನೊಂದು ಪ್ರೋಗ್ರಾಂ ಓಡಿಸಿದೆ. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು, ಅಂದರೆ ಡಿಸ್ಕಿನ ಚೂರು ಜಾಗಗಳು, ಇಪ್ಪತ್ತಕ್ಕೂ ಹೆಚ್ಚು. ಡಿಸ್ಕು ಅವನ್ನು ಮತ್ತೆ ಮತ್ತೆ ಓದಲು ಒದ್ದಾಡುತ್ತಿತ್ತು, ಉಳಿದವರೆಲ್ಲ ಅದರ ಹಿಂದೆ ನಿಂತಿದ್ದರು. ಆ ರಾತ್ರಿಯೇ ಮುಖ್ಯವಾದ ಫೈಲುಗಳನ್ನು ಬೇರೆಡೆಗೆ ಇಳಿಸಿಕೊಂಡೆ. ಹನ್ನೊಂದು ಪುಸ್ತಕ ಉಳಿದವು. ಅರ್ಧ ಮುಗಿದಿದ್ದ ಒಂದರ ಕೆಲವು ಚಿತ್ರ ಹೋದವು, ಲೇಖಕರ ಹತ್ತಿರ ಮತ್ತೆ ಕೇಳಿ ಬೈಸಿಕೊಂಡೆ. ನಾಲ್ಕು ದಿನದ ಮೇಲೆ ಆ ಡಿಸ್ಕು ಕಟಕಟ ಎಂದು ನಿಂತೇಹೋಯಿತು. ಈಗ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದೆ.

ಇಷ್ಟೆಲ್ಲ ಓದಿ ಕಾಂಕಿ ಹಾಕಿಕೊಂಡರೆ ನಿಮ್ಮ ಕಂಪ್ಯೂಟರ್ ಉಳಿಯುತ್ತದೆ ಅಂತ ಯಾರಾದರೂ ತಿಳಿದರೆ ಕಷ್ಟ. ಅದು ನನಗೆ ಯಾವತ್ತೂ ಏನೂ ಹೇಳಿಲ್ಲ. ಗಂಟೆ ಬಾರಿಸಿಲ್ಲ, ಕೆಂಪು ದೀಪ ತೋರಿಸಿಲ್ಲ. 63 ಡಿಗ್ರಿ ಅನ್ನುವುದು ಬೇರೆಯವರ ಲ್ಯಾಪ್‌ಟಾಪಿನಲ್ಲಿ ಮಾಮೂಲೇ ಇರಬಹುದು. ನನ್ನದರಲ್ಲಿ ಬೆಳಿಗ್ಗೆ ಆರಕ್ಕೆ ಅದು ಮಾಮೂಲಲ್ಲ ಎಂದು ಗೊತ್ತಿದ್ದದ್ದು ನನಗೆ ಮಾತ್ರ, ಅದೂ ಏನೂ ಆಗದೆ ಇದ್ದ ನೂರಾರು ದಿನ ಅದನ್ನು ಕಂಡಿದ್ದರಿಂದ. ಆ ನೂರಾರು ದಿನ ನೋಡಿದ್ದು ದಂಡ ಅಂತ ಆಗ ಯಾರಾದರೂ ಹೇಳಿದ್ದರೆ ಒಪ್ಪುತ್ತಿದ್ದೆ.

ನೋಡುವುದರಲ್ಲೂ ಒಂದು ರೋಗ ಇದೆ. ಡಿಸ್ಕು ಹೋದ ಮೇಲೆ ಒಂದು ತಿಂಗಳು ನನಗೆ ಅದು ಬಡಿದಿತ್ತು. ಪುಟ ಕಟ್ಟುವಾಗ ಒಂದು ಸಾಲು ಟೈಪ್ ಮಾಡಿ ಮೂಲೆ ನೋಡುವುದು, ಇನ್ನೊಂದು ಸಾಲು, ಮತ್ತೆ ಮೂಲೆ. ಸಿಪಿಯು 3ರಿಂದ 9ಕ್ಕೆ ಹೋದರೆ ಯಾಕೆ ಅಂತ ತನಿಖೆ. ಅತ್ತ ಅಪ್ಪ. ಬರಗಾಲದ ವರ್ಷ, ಕಬ್ಬು ಒಣಗುತ್ತಿದೆ, ಕಟ್ಟೆ ಇಳಿಯುತ್ತಿದೆ. ಆದರೂ ಅವರು ಪೇಪರ್ ನೋಡುತ್ತಿದ್ದದ್ದು ದಿನಕ್ಕೆ ಒಂದೇ ಸಲ. ನೋಡಿ, ‘ಹೂಂ’ ಅಂದು, ಮಡಚಿ, ಎದ್ದು ಹೋಗುತ್ತಿದ್ದರು. ಬೆಳಿಗ್ಗೆ ನೋಡಿದ್ದನ್ನು ಸಂಜೆ ಟಿವಿಯಲ್ಲಿ ಮತ್ತೆ ನೋಡುತ್ತಿರಲಿಲ್ಲ. ನಾನು ಕಾಂಕಿಯ ಫೈಲ್ ತೆರೆದು ಒಂದು ಸೆಕೆಂಡ್ ಇದ್ದದ್ದನ್ನು ಹತ್ತು ಮಾಡಿದೆ. ಅಂಕಿಗಳು ಕುಣಿಯುವುದು ನಿಂತವು. ಕಣ್ಣು ತಾನಾಗಿಯೇ ಅತ್ತ ಹೋಗುವುದು ಕಡಿಮೆಯಾಯಿತು.

2024ರ ಜುಲೈನಲ್ಲಿ ಕಟ್ಟೆ ತುಂಬಿತು. ಆಗಲೇ ಒಂಬತ್ತನೇ ಸಾಲು ಸೇರಿಸಿದ್ದು. ಕಾಂಕಿಗೆ ಒಂದು ಟೆಕ್ಸ್ಟ್ ಫೈಲ್ ತೋರಿಸಿ, ಇದರಲ್ಲಿ ಏನಿದೆಯೋ ಅದನ್ನು ಹಾಗೇ ತೋರಿಸು ಎಂದು ಹೇಳಬಹುದು. ಬೆಳಿಗ್ಗೆ ಅಪ್ಪ ಗಟ್ಟಿಯಾಗಿ ಓದುತ್ತಾರೆ, ನಾನು ಆ ಫೈಲಿನಲ್ಲಿ ಹೊಡೆದಿಡುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ ಕೆಆರ್‌ಎಸ್, ಪಕ್ಕದಲ್ಲಿ ಅಡಿ, ಒಳಹರಿವು, ಹೊರಹರಿವು. ಇಂಟರ್ನೆಟ್‌ನಿಂದ ತಾನಾಗಿ ಬರುವ ಹಾಗೆ ಮಾಡಬಹುದಿತ್ತು. ಮಾಡಿಲ್ಲ. 2025ರಲ್ಲಿ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿತಲ್ಲ, ಹಿಂದೆಂದೂ ಜೂನಿನಲ್ಲಿ ತುಂಬಿರಲಿಲ್ಲ, ಆ ದಿನ ಅಪ್ಪ 124.80 ಅನ್ನುವುದನ್ನು ಎರಡು ಸಲ ಓದಿದರು. ನಾನೂ ಎರಡು ಸಲ ಕೇಳಿಸಿಕೊಂಡೆ.

ಮೊನ್ನೆ ಹಬ್ಬದ ಮಾರನೇ ದಿನ ಪೇಪರ್ ಇರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತಿದ್ದು, ಒಳಗೆ ಬಂದು ನನ್ನ ಪರದೆಗೆ ಬಗ್ಗಿದರು.

‘ಇದು ನಿನ್ನೆದು ಅಲ್ವೇನ್ಲಾ?’

‘ಹೌದು ಅಪ್ಪ. ನೀವು ಓದಿದ್ರೆ ತಾನೇ ಹೊಸದು.’

ಚಪ್ಪಲಿ ಮೆಟ್ಟಿಕೊಂಡು ಟೀ ಅಂಗಡಿಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದು, ‘ಬರ್ಕೋ’ ಎಂದು ಮೂರು ಅಂಕಿ ಹೇಳಿದರು. ಹೊಡೆದೆ. ಸೊಂಟದ ಮೇಲೆ ಕೈಯಿಟ್ಟು ಪರದೆ ನೋಡುತ್ತಾ ನಿಂತರು.

‘ಎಲ್ಲಿ, ಬರ್ನಿಲ್ವಲ್ಲ?’

‘ಆ ಸಾಲನ್ನ ಗಂಟೆಗೊಂದು ಸಲ ನೋಡೋ ಹಾಗೆ ಇಟ್ಟಿದ್ದೀನಿ.’

‘ಅಷ್ಟೊತ್ತು ಯಾವನ್ ಕಾಯ್ತಾನೆ’ ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡರು. ‘ನಾಲೆ ತಾವ್ಲೇ ಹೋಗಿ ನೀರ್ ನೋಡ್ಕೊಂಡ್ ಬತ್ತೀನಿ.’